ಫೋಟೋಗೆ ಬಿದ್ದ ಹಾರ

ವಿಚಾರಿಸಲು ಬಿಡದೆ ಸಹಿ ಹಾಕಿಸಿಕೊಳ್ಳುವುದು ಹಗಲು ದರೋಡೆ. ಗದಗಿನ ವ್ಯಾಪಾರ ಸಲಹೆಗಾರ ಜಾಗೀರದಾರ ಅದನ್ನೇ ಮಾಡುತ್ತಿದ್ದ. ತನ್ನ ಕಚೇರಿಗೆ ಬಂದ ರೊಟ್ಟಿ ಅಂಗಡಿಯ ನೀಲವ್ವನ ಮುಂದೆಯೂ ಕಾಗದ ಚಾಚಿದ. ಸಹಿ ಬಿದ್ದರೆ ಅಂಗಡಿಯ ವ್ಯವಹಾರವೆಲ್ಲ ಅವನ ಕೈಗೆ.

"ಗೋಡೆ ನೋಡವ್ವಾ. ಆ ಫೋಟೋದಾಗಿನ ಸಾವಕಾರ್ರೆಲ್ಲ ನನ್ನ ಗಿರಾಕಿಗಳು!"

"ಒಬ್ಬರ ಜೋಡಿ ಮಾತಾಡಸ್ರಿ."

"ನಿನ್ನಂಥಾಕಿ ಜೋಡಿ ಅವರು ಮಾತಾಡಂಗಿಲ್ಲ."

ನೀಲವ್ವ ಪೂಜೆಗೆಂದು ಕೊಂಡಿದ್ದ ಚೆಂಡುಹೂವಿನ ಹಾರವನ್ನು ಚೀಲದಿಂದ ತೆಗೆದಳು. ಮೊದಲನೇ ಫೋಟೋಗೆ ಹಾಕಿ ಕೈಮುಗಿದಳು.

"ಪಾಪ, ಯಾವಾಗ ತೀರಿಕೊಂಡ್ರು?"

ಜಾಗೀರದಾರ ಹೌಹಾರಿದ. "ಏ, ಅವರು ಬದುಕ್ಯಾರ!"

"ಹಂಗಾರ ಮಾತಾಡ್ತಾರ. ಫೋನ್ ಹಚ್ರಿ."

ಅವನು ಬೆವರು ಒರೆಸಿಕೊಂಡನೇ ಹೊರತು ಫೋನ್ ಮುಟ್ಟಲಿಲ್ಲ. ನೀಲವ್ವ ಪೆನ್ನು ಮುಟ್ಟಲಿಲ್ಲ.

ನಿಮ್ಮ ಮುಂದೆ ಕಾಗದ ಚಾಚಿದವನಿಗೂ ಅವಳಂತೆಯೇ ಹೇಳಿ: ಮೊದಲು ನಿನ್ನ ಹಳೇ ಗಿರಾಕಿಗೆ ಫೋನ್ ಹಚ್ಚು!