ಒಂದೇ ತರಂಗ, ಅರವತ್ತು ದೋಣಿ

"ಗುರುಗಳೇ, ಒಂದೇ ತರಂಗವನ್ನು ನೂರು ಮಂದಿ ಬಯಸುವಾಗ ಸರದಿಯನ್ನು ಯಾರಿಗೆ ಕೊಡಬೇಕು?" ಎಂದು ಶಿಷ್ಯ ಇಂದುಧರ ಕೇಳಿದ. ಮೊಬೈಲ್ ಗೋಪುರವೊಂದಕ್ಕೆ ಅವನು ಸರದಿಯ ನಿಯಮ ಬರೆಯುತ್ತಿದ್ದ. "ಸ್ಪಷ್ಟವಾಗಿ ಕೇಳಿಸುವವರಿಗೇ ಕೊಟ್ಟರೆ ಅದೇ ಹೊತ್ತಿನಲ್ಲಿ ಹತ್ತುಪಟ್ಟು ಸಂದೇಶ ಸಾಗುತ್ತದೆ. ದೂರದ ಕ್ಷೀಣ ದನಿಗಾಗಿ ಕಾಯುವುದು ದಂಡವಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವೈರ್‌ಲೆಸ್ ನಿರ್ವಾಹಕನಿದ್ದ. ಅರವತ್ತು ಮೀನುಗಾರಿಕೆ ದೋಣಿಗಳಿಗೆ ಇದ್ದದ್ದು ಒಂದೇ ತರಂಗ. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರದೂ ಕೇಳಿಸದು. ಆದ್ದರಿಂದ ಸರದಿ ಬೇಕಾದವರು ತಮ್ಮ ದೋಣಿಯ ಹೆಸರನ್ನಷ್ಟೇ ಹೇಳಿ ಕಾಯಬೇಕು. ನಿರ್ವಾಹಕ ಆ ಹೆಸರು ಕೂಗಿದ ಮೇಲೆಯೇ ಮಾತು.

ಅಂದು ಬಂಗುಡೆ ಮೀನಿನ ಸುಗ್ಗಿ. ದಡದ ಹತ್ತಿರದ ದೋಣಿಗಳೆಲ್ಲ ಹಿಗ್ಗಿನಿಂದ ಕರೆಯುತ್ತಿದ್ದವು. ನಿರ್ವಾಹಕನ ಕೈಗೆ ಬಿಡುವಿಲ್ಲ. ಮಧ್ಯಾಹ್ನದೊಳಗೆ ಮುನ್ನೂರೆಂಬತ್ತು ಸಂದೇಶ! ಇನ್ನು ಇಪ್ಪತ್ತು ಬಂದರೆ ಆ ಬಂದರು ಕಂಡರಿಯದ ದಾಖಲೆ. ಅವನು ಹೆಸರುಗಳನ್ನು ಇನ್ನೂ ಬೇಗಬೇಗ ಕೂಗತೊಡಗಿದ.

ಎಲ್ಲರಿಗಿಂತ ದೂರದಲ್ಲಿ ಒಬ್ಬ ಮುದುಕನ ದೋಣಿಯಿತ್ತು. ಅವನ ಒಂದು ಮಾತು ತಿಳಿಯಲು ಹತ್ತು ಸಲ ಕೇಳಬೇಕು. ಆ ದನಿ ಬಂದಾಗಲೆಲ್ಲ ನಿರ್ವಾಹಕ "ಆಮೇಲೆ ಅಜ್ಜ, ಆಮೇಲೆ" ಎಂದು ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದ.

ಏಳನೆಯ ಗೆರೆ ಎಳೆಯುವಾಗ ಪೆನ್ಸಿಲ್ ತಟ್ಟನೆ ನಿಂತಿತು. ದಿನಕ್ಕೊಮ್ಮೆ, ಅದೂ ಸಂಜೆ, ಕ್ಷೇಮವೆಂದಷ್ಟೇ ತಿಳಿಸುವ ಮನುಷ್ಯ ಮಧ್ಯಾಹ್ನದೊಳಗೆ ಏಳು ಸಲ ಕರೆದಿದ್ದ!

"ಎಲ್ಲರೂ ಸುಮ್ಮನಿರಿ! ಅಜ್ಜ, ನೀವು ಹೇಳಿ" ಎಂದು ಅವನು ಕೂಗಿದ.

"ಏನು ಮಾರಾಯ್ರೇ, ಆ ಅಜ್ಜನ ಪುರಾಣ ನಾಳೆ ಕೇಳಿದರಾಗದೇ? ನನ್ನ ಬಂಗುಡೆಗೆ ಮೊದಲು ಐಸ್ ಹೇಳಿ!" ಎಂದು ಹತ್ತಿರದ ದೋಣಿಯವನೊಬ್ಬ ನಡುವೆ ಬಾಯಿ ಹಾಕಿದ.

"ಇನ್ನೊಂದು ಮಾತಾಡಿದರೆ ನಾಳೆಯೂ ನಿನ್ನ ಹೆಸರು ಕೂಗುವುದಿಲ್ಲ."

ಉಳಿದ ಐವತ್ತೊಂಬತ್ತು ದೋಣಿಗಳೂ ಗಪ್‌ಚಿಪ್. ಅರ್ಧ ಗಂಟೆ ಅವನು ಕೇಳಿದ್ದನ್ನೇ ಕೇಳಿ, ಒಂದೊಂದೇ ಶಬ್ದ ಹೆಕ್ಕಿ ಬರೆದುಕೊಂಡ. ಕೊನೆಗೆ ಕಾಗದದ ಮೇಲಿದ್ದದ್ದು ಒಂದೇ ಸಾಲು: ಪಡುವಣದಿಂದ ಬಿರುಗಾಳಿ ಹೊರಟಿದೆ, ಬಲೆ ಕೊಯ್ದಾದರೂ ಹಿಂತಿರುಗಿ.

ಅದನ್ನು ಅವನು ಎಲ್ಲರಿಗೂ ಕೂಗಿ ಹೇಳಿದ. ಕತ್ತಲಾಗುವ ಮೊದಲು ಎಲ್ಲ ದೋಣಿಗಳೂ, ಮುದುಕನದೂ ಸೇರಿ, ಬಂದರು ಮುಟ್ಟಿದವು. ಗಾಳಿ ಅವುಗಳ ಬೆನ್ನಿಗೇ ಬಂತು. ದಾಖಲೆ ಮಾತ್ರ ಆಗಲಿಲ್ಲ.

ಇಂದುಧರನಿಗೆ ಕತೆ ಹಿಡಿಸಿತು, ಲೆಕ್ಕ ಹಿಡಿಸಲಿಲ್ಲ. "ಆದರೂ ಗುರುಗಳೇ, ಆ ಅರ್ಧ ಗಂಟೆಯಲ್ಲಿ ಬಂದದ್ದು ಒಂದೇ ಸಂದೇಶ. ನನ್ನ ನಿಯಮದಂತೆ ನಡೆದಿದ್ದರೆ ನಲವತ್ತು ಬಂದು ಸೇರುತ್ತಿದ್ದವು!"

"ಸಂದೇಶಗಳು ಸೇರುತ್ತಿದ್ದವು, ನಿಜ," ಎಂದರು ಗುರುಗಳು, "ದೋಣಿಗಳು?"