ಕರುಣೆಯ ಪಾಠ ಹೇಳಿದ ಕಾಡುಬೆಕ್ಕು

ಮಕ್ಕಳೇ, ದಟ್ಟ ಕಾಡಿನ ಬಿದಿರುಮೆಳೆಗಳ ನಡುವೆ ಒಂದು ಕೊಳವಿತ್ತು. ಅದರ ದಡದಲ್ಲಿ ಮೊಲರಾಯ, ಮರಿಗಳ ತಾಯಿ ಗೌಜಲಹಕ್ಕಿ ಮತ್ತು ಒಂದಷ್ಟು ಅಳಿಲುಗಳು ನೆರೆಹೊರೆಯವರಾಗಿ ಬಾಳುತ್ತಿದ್ದರು.

ಒಂದು ದಿನ ಅಲ್ಲಿಗೆ ಕಾಡುಬೆಕ್ಕೊಂದು ಬಂತು. ಅದು ಮರಿಯಾಗಿದ್ದಾಗ ಸಾಹೇಬರೊಬ್ಬರು ಹಿಡಿದು ತಂದು ತಮ್ಮ ಬಂಗಲೆಯಲ್ಲಿ ಸಾಕಿದ್ದರು. ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಬೆಕ್ಕು ಕಾಡಿಗೆ ಮರಳಿತು.

"ನಮಸ್ಕಾರ. ತಮಗೆ ತೊಂದರೆಯಾಗದಿದ್ದರೆ ಒಂದು ಗುಟುಕು ನೀರು ಕುಡಿಯಲೇ?" ಎಂದಿತು ಬೆಕ್ಕು.

ಮೊಲರಾಯ ಬೆರಗಾದ. ಅದುವರೆಗೆ ಕಂಡ ಬೆಕ್ಕುಗಳೆಲ್ಲ ಅವನನ್ನು ಅಟ್ಟಿಸಿಕೊಂಡು ಬಂದವೇ. "ಅಬ್ಬಾ, ಎಂಥ ನಯ! ನಮಗೂ ಈ ನಡತೆ ಕಲಿಸಿ ಗುರುಗಳೇ," ಎಂದು ಕೈಮುಗಿದ.

"ಗುರುಗಳು ಊಟಕ್ಕೇನು ಮಾಡುತ್ತಾರೆ?" ಗೌಜಲಹಕ್ಕಿ ಕೇಳಿದಳು.

"ಛೆ, ದೊಡ್ಡವರನ್ನು ಹಾಗೆಲ್ಲ ಕೇಳಬಾರದಮ್ಮ!" ಮೊಲರಾಯ ಗದರಿದ.

"ಕೇಳಲಿ ಬಿಡಿ. ನನಗೆ ಹಾಲು ಅನ್ನವೇ ಅಭ್ಯಾಸ ತಾಯಿ. ಬೇಟೆಯೆಂದರೆ ನನಗೆ ಅಸಹ್ಯ," ಎಂದಿತು ಬೆಕ್ಕು. ಅದು ಸುಳ್ಳಾಡಲಿಲ್ಲ. ಪಾಪ, ಹಾಗೆಂದೇ ನಂಬಿತ್ತು.

ಪಾಠ ಶುರುವಾಯಿತು. ಜೋರಾಗಿ ಕೂಗಬಾರದು, ಉಗುರು ತೋರಿಸಬಾರದು, ಅಗಿಯುವಾಗ ಸದ್ದು ಮಾಡಬಾರದು. ಎಲ್ಲರೂ ಶ್ರದ್ಧೆಯಿಂದ ಕಲಿತರು. ಆದರೆ ಕಾಡಿನಲ್ಲಿ ಹಾಲು ಅನ್ನ ಕೊಡುವವರಾರು? ಗುರುಗಳು ಹುಲ್ಲು ಕಚ್ಚಿ, ನೀರು ಕುಡಿದು, ದಿನದಿನಕ್ಕೂ ಸೊರಗಿದರು.

ಆಮೇಲೊಂದು ಬೆಳಗ್ಗೆ ಕರುಣೆಯ ಪಾಠ ಬಂತು.

"ನಮಗಿಂತ ಸಣ್ಣವರನ್ನು ಕಂಡರೆ..." ಎಂದು ಬೆಕ್ಕು ಹೇಳುತ್ತಿತ್ತು. ಅಷ್ಟರಲ್ಲಿ ಗೌಜಲಹಕ್ಕಿಯ ಕಿರಿಯ ಮರಿ ಹುಳುವೊಂದನ್ನು ಬೆನ್ನಟ್ಟುತ್ತ ಗುರುಗಳ ಮುಂದೆಯೇ ಬಂತು.

ಬೆಕ್ಕಿನ ಬಾಲದ ತುದಿ ಅಲುಗಿತು.

"ಸಣ್ಣವರನ್ನು... ಮೆತ್ತಗಿರುವವರನ್ನು... ಮೆತ್ತಗೆ, ಬೆಚ್ಚಗೆ..." ಮಾತು ತೊದಲಿತು. ಮೈ ನೆಲಕ್ಕೆ ತಗ್ಗಿತು. ಗಬಕ್! ಮರಿ ಬೆಕ್ಕಿನ ಬಾಯಲ್ಲಿತ್ತು.

"ಕ್ಷಮಿಸಿ," ಬೆಕ್ಕು ಹಲ್ಲು ಸಡಿಲಿಸದೆಯೇ ಗೊಣಗಿತು. "ನಾನು ಹಿಡಿಯಲಿಲ್ಲ. ಬಾಯಿ ತಾನಾಗಿ ಹೋಯಿತು."

"ನೋಡಿದಿರಾ? ಇಂಥ ಹೊತ್ತಿನಲ್ಲೂ ಕ್ಷಮೆ ಕೇಳುತ್ತಿದ್ದಾರೆ!" ಮೊಲರಾಯ ತಲೆದೂಗಿದ.

ಗೌಜಲಹಕ್ಕಿ ಕಾಡೆಲ್ಲ ಕೇಳುವಂತೆ ಕಿರುಚಿದಳು. ಒಂದೇ ನೆಗೆತಕ್ಕೆ ಬೆಕ್ಕಿನ ಮುಖದ ಮೇಲೆರಗಿ ಮೂಗನ್ನು ಕುಕ್ಕಿದಳು. ಬೆಕ್ಕು ನೋವಿನಿಂದ ಬಾಯಿ ತೆರೆಯಿತು. ಮರಿ ಕೆಳಗೆ ಬಿದ್ದು, ಎದ್ದು, ತಾಯಿಯ ರೆಕ್ಕೆಯಡಿ ನುಗ್ಗಿತು.

"ಗೌಜಲಮ್ಮ! ಗುರುಗಳನ್ನು ಕುಕ್ಕುವುದೇ? ಎಷ್ಟು ಕಲಿಸಿದರೂ ಕಾಡುಬುದ್ಧಿ ಹೋಗಲಿಲ್ಲವಲ್ಲ!" ಮೊಲರಾಯ ರೇಗಿದ.

"ಆ ಕಾಡುಬುದ್ಧಿಯಿಂದಲೇ ನನ್ನ ಕೂಸು ಉಳಿಯಿತು, ಮೊಲರಾಯರೇ. ನೀವೂ ಬನ್ನಿ, ಹೋಗೋಣ," ಎಂದಳು ಗೌಜಲಹಕ್ಕಿ.

"ಪಾಠದ ನಡುವೆ ಎದ್ದು ಹೋಗಲು ನಾನೇನು ನಾಗರಿಕತೆ ಇಲ್ಲದವನೇ?"

ಗೌಜಲಹಕ್ಕಿ ಮರಿಗಳೊಂದಿಗೆ ಪೊದೆ ಸೇರಿದಳು. ಅಳಿಲುಗಳು ಮರವೇರಿದವು. ಮೊಲರಾಯ ಇನ್ನೂ ಚೆನ್ನಾಗಿ ಕೇಳಲೆಂದು ಗುರುಗಳ ಹತ್ತಿರಕ್ಕೆ ಸರಿದು ಕುಳಿತ.

ಆ ದಿನ ಪಾಠ ಬೇಗ ಮುಗಿಯಿತು.

ನೀತಿ: ನಯವಾದ ಮಾತು ಹಲ್ಲನ್ನು ಮರೆಮಾಡುತ್ತದೆ, ಮೊಂಡಾಗಿಸುವುದಿಲ್ಲ.