ಚಂಡೇರಾಯನ ಹಂಡೆಯ ಕಲಾಯಿ

"ನನ್ನ ಹಂಡೆಯಂಥ ಹಂಡೆ ಮೂರು ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ!" ಎಂದ ಹಂಚಿನಗಡದ ದೊರೆ ಚಂಡೇರಾಯ.

ಸಭೆಗೆ ಸಭೆಯೇ "ಇಲ್ಲ ಪ್ರಭು, ಇಲ್ಲ" ಎಂದು ತಲೆಯಾಡಿಸಿತು. ಆ ಮೀಸೆಯ ಎರಡು ತುದಿಗೆ ಎರಡು ಗಿಳಿ ಕೂರುತ್ತಿದ್ದವು. ಸುಳ್ಳೆನ್ನಬೇಡಿ, ಗಿಳಿಗಳಿಗೆ ಕಾಳು ಹಾಕುತ್ತಿದ್ದವನು ಆಸ್ಥಾನದ ಜಾಣ ಅಂದಾನಪ್ಪ, ನನ್ನ ಮುತ್ತಜ್ಜನ ಮುತ್ತಜ್ಜ. ಅವನ ಬುದ್ಧಿಯೆಲ್ಲ ನನಗೇ ಬಂದಿದೆ ಅಂತ ನಾನೇ ಹೇಳಿಕೊಳ್ಳಬಾರದು. ಏನು ಮಾಡಲಿ, ಬೇರೆ ಯಾರೂ ಹೇಳುತ್ತಿಲ್ಲ.

ಊರಿಗೆಲ್ಲ ಕುಡಿಯುವ ನೀರು ಕೊಡಲು ಪೇಟೆ ಚೌಕದಲ್ಲಿ ನಿಲ್ಲಿಸಿದ ತಾಮ್ರದ ಹಂಡೆ ಅದು. ಮೇಲೆ ಹತ್ತಿ ಒಂದು ಕೂಗು ಹಾಕಿದರೆ, ಅದು ತಳ ಮುಟ್ಟಿ ವಾಪಸು ಬರುವಷ್ಟರಲ್ಲಿ ಊಟ ಮುಗಿಸಿ ಬರಬಹುದಿತ್ತು. ಒಳಗೆಲ್ಲ ಥಳಥಳ ಕಲಾಯಿ. ಕಲಾಯಿ ಹಾಕಿಸಿದವನು ಪರೀಕ್ಷಾಧಿಕಾರಿ ಗುಂಡೋಪಂತನ ಭಾವಮೈದುನ. ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದವನು ಗುಂಡೋಪಂತ. ಎಷ್ಟು ಅನುಕೂಲ ನೋಡಿ!

ಗುಂಡೋಪಂತನದು ಭಾರಿ ಹುದ್ದೆ. ಕುಡಿಯುವ ನೀರಿಗೆ ಏನೇ ತಾಗಲಿ, ಮೊದಲು ಅವನ ಮುದ್ರೆ ಬೇಕು. ಕುಂಬಾರತಿಯ ಮಡಕೆಗೆ ಮೂರು ತಿಂಗಳು ಕಾಯಬೇಕು. ಬಾವಿಯ ಹಗ್ಗಕ್ಕೂ ಮೂರು ತಿಂಗಳು. ಕೆರೆಗಿಳಿಯುವ ಎಮ್ಮೆಯ ಬೆನ್ನಿಗೂ ಮುದ್ರೆ. ಕಪ್ಪೆಗಳಿಗೆ ಮಾತ್ರ ವಿನಾಯಿತಿ, ಅವು ಸಾಲಿನಲ್ಲಿ ನಿಲ್ಲಲು ಒಪ್ಪಲಿಲ್ಲವಂತೆ. ಭಾವಮೈದುನನ ಕಲಾಯಿಗೆ ಮಾತ್ರ, ಕಲಾಯಿ ಹಾಕುವ ಹಿಂದಿನ ದಿನವೇ ಮುದ್ರೆ ಬಿದ್ದಿತ್ತು. ಅಂಥ ದೂರದೃಷ್ಟಿ!

ಆ ಸಭೆಯಲ್ಲಿ ಒಬ್ಬ ಬಾಯಿಬಿಟ್ಟ. ಮೂವತ್ತು ವರ್ಷ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದ ಲಾಲಸಾಬ.

"ಒಡೆಯಾ, ಹಂಡೆಗೆ ಹಚ್ಚಿರೋದು ತವರ ಅಲ್ಲ, ಸೀಸ. ಬಣ್ಣ ನೋಡಿದರೇ ಗೊತ್ತಾಗುತ್ತೆ. ಅದರಲ್ಲಿ ನೀರು ನಿಂತರೆ ವಿಷ ಇಳಿಯುತ್ತೆ. ಕುಡಿಯೋ ಮಕ್ಕಳ ಗತಿ ಏನು?"

ಗುಂಡೋಪಂತ ಕೆಂಡವಾದ. "ಪ್ರಭು, ಮುದ್ರೆಯಲ್ಲಿರೋದು ತಮ್ಮ ಲಾಂಛನ. ಮುದ್ರೆಯನ್ನು ಅನುಮಾನಿಸಿದರೆ ತಮ್ಮನ್ನೇ ಅನುಮಾನಿಸಿದ ಹಾಗೆ!"

ದೊರೆಯ ಮೀಸೆ ಅದುರಿತು. ಗಿಳಿಗಳು ಹಾರಿಹೋದವು.

"ಲಾಲಸಾಬ, ನಾಳೆ ಮಧ್ಯಾಹ್ನ ಹಂಡೆಯಿಂದ ನೀರು ಬಿಡುತ್ತೇನೆ. ಅಷ್ಟರಲ್ಲಿ ಸಾಬೀತು ಮಾಡು. ಆಗದಿದ್ದರೆ ಹೆಂಡತಿ ಮಕ್ಕಳ ಸಮೇತ ಊರು ಬಿಡು."

"ಒಂದು ಸಣ್ಣ ವಿಷಯ ಪ್ರಭು," ಗುಂಡೋಪಂತ ನಕ್ಕ. "ಹಂಡೆ ಮುಟ್ಟಬೇಕಾದರೆ ಇವನ ಬೆರಳಿಗೂ ಮುದ್ರೆ ಬೇಕು. ಅರ್ಜಿ ಕೊಡಲಿ. ಮೂರೇ ತಿಂಗಳು!"

ಲಾಲಸಾಬ ಕಣ್ಣೊರೆಸಿಕೊಳ್ಳುತ್ತ ಹೊರಬಂದಾಗ ಅಂದಾನಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಗಂಟುಮೂಟೆ ಕಟ್ಟಬೇಡ ಮಾರಾಯ. ನಾಳೆ ಬರುವಾಗ ಒಂದು ತುಂಡು ಅಪ್ಪಟ ತವರ ತಗೊಂಡು ಬಾ. ಬಾಯಿ ಮಾತ್ರ ಮನೇಲಿಟ್ಟು ಬಾ."

ಮರುದಿನ ಚೌಕದಲ್ಲಿ ಜನವೋ ಜನ. ಕೊಡ ಹಿಡಿದ ಹೆಂಗಸರ ಸಾಲು ಊರ ಬಾಗಿಲು ದಾಟಿತ್ತು. ಅಂದಾನಪ್ಪ ಕೈಮುಗಿದ.

"ಪಂತರೇ, ಲಾಲಸಾಬ ಹಂಡೆ ಮುಟ್ಟೋದಿಲ್ಲ. ಆದರೆ ನೀವು ಮುದ್ರೆ ಒತ್ತೋ ಮೊದಲು ಮಾದರಿ ಅಂತ ಒಂದು ತುಂಡು ಇಟ್ಟುಕೊಂಡಿರುತ್ತೀರಲ್ಲ?"

"ಇಟ್ಟುಕೊಳ್ಳದೆ! ನಿಯಮ ಅಂದರೆ ನಿಯಮ." ಗುಂಡೋಪಂತ ರೇಷ್ಮೆ ಬಟ್ಟೆ ಬಿಚ್ಚಿ ಮುದ್ರೆ ಒತ್ತಿದ ಬೆರಳುದ್ದದ ಲೋಹದ ಕಡ್ಡಿ ತೆಗೆದ.

"ಇದೂ ಹಂಡೆಯ ಕಲಾಯಿಯೂ ಒಂದೇ ತಾನೇ?"

"ಒಂದೇ ಮೂಸೆಯಲ್ಲಿ ಕರಗಿಸಿದ್ದು. ನನ್ನ ಹುದ್ದೆಯಾಣೆ!"

"ಹಾಗಾದರೆ ಇದು ತವರ ಅಂತ ಪ್ರಭುಗಳಿಗೆ ಒಂದು ಸಾಲು ಬರೆದುಕೊಟ್ಟುಬಿಡಿ. ಲಾಲಸಾಬ ಈಗಲೇ ಊರು ಬಿಡುತ್ತಾನೆ."

ಗುಂಡೋಪಂತ ಹಿಗ್ಗಿ ಮಸಿಕುಡಿಕೆಗೆ ಕೈಹಾಕಿದ.

"ಅಯ್ಯಯ್ಯೋ ಪಂತರೇ!" ಅಂದಾನಪ್ಪ ಕಿರುಚಿದ. "ಮಸಿ ಕಲಸಿರೋದು ಬಾವಿ ನೀರಲ್ಲಿ! ಕುಡಿಯೋ ನೀರಿಗೆ ತಾಗಿದ ವಸ್ತು! ಅದಕ್ಕೆ ಮುದ್ರೆ ಆಗಿದೆಯಾ?"

ಗುಂಡೋಪಂತನ ಕೈ ಅಲ್ಲೇ ನಿಂತಿತು. "ಆಗಿಲ್ಲ... ಅರ್ಜಿ ಹಾಕಿದರೆ..."

"ಮೂರು ತಿಂಗಳು! ಅಷ್ಟು ದಿನ ಪ್ರಭುಗಳು ಬಿಸಿಲಲ್ಲಿ ನಿಲ್ಲಬೇಕಾ? ಹಂಡೆ ಬಿಟ್ಟರೆ ಈ ಚೌಕದಲ್ಲಿ ಮುದ್ರೆ ಬಿದ್ದಿರೋ ವಸ್ತು ಒಂದೇ, ನಿಮ್ಮ ಕೈಯಲ್ಲಿರೋ ಕಡ್ಡಿ. ಅದರಲ್ಲೇ ಬರೆಯಿರಿ."

ದೊರೆಗೆ ಬಿಸಿಲು ತಾಗಿತ್ತು. "ಬೇಗ ಬರೆಯಯ್ಯಾ!"

ಗುಂಡೋಪಂತ ಕಡ್ಡಿಯನ್ನೇ ಕಾಗದದ ಮೇಲೆ ಎಳೆದ. ಬೂದುಬಣ್ಣದ ಅಕ್ಷರ ಸರಾಗವಾಗಿ ಇಳಿಯಿತು. ಅವನಿಗೇ ಖುಷಿಯಾಯಿತು. 'ಇದು ಅಪ್ಪಟ ತವರ' ಎಂದು ಬರೆದು, ಕೆಳಗೆ ಉದ್ದನೆಯ ರುಜು ಹಾಕಿ, ಬಾಲಕ್ಕೊಂದು ಸುರುಳಿಯನ್ನೂ ಸುತ್ತಿದ.

ದೊರೆ ಓದಿ ತಲೆದೂಗಿದ. ಅಂದಾನಪ್ಪ ಲಾಲಸಾಬನ ತುಂಡನ್ನು ಅವನ ಮುಂದಿಟ್ಟ. "ಪ್ರಭು, ಇದು ಅರಮನೆಯ ಪಾತ್ರೆಗಳಿಗೆ ಹಾಕೋ ತವರ. ಇದರಲ್ಲಿ ತಾವೂ ಒಂದು ರುಜು ಹಾಕಿಬಿಡಿ."

ದೊರೆ ಗೀಚಿದ. ಗೆರೆ ಮೂಡಲಿಲ್ಲ. ಒತ್ತಿ ಉಜ್ಜಿದ. ಕಾಗದ ಹರಿಯಿತು, ರುಜು ಮಾತ್ರ ಬೀಳಲಿಲ್ಲ.

"ಇದೇನಯ್ಯಾ, ಅವನ ತವರ ಬರೆಯುತ್ತೆ, ನನ್ನ ತವರ ಬರೆಯೋದಿಲ್ಲ!"

ಲಾಲಸಾಬ ಬಾಯಿಯನ್ನು ಕೊನೆಗೂ ಮನೆಯಿಂದ ತಂದಿದ್ದ. "ಒಡೆಯಾ, ತವರಕ್ಕೆ ಬರೆಯೋಕೆ ಬರೋದಿಲ್ಲ. ಹೀಗೆ ಬರೆಯೋದು ಸೀಸ."

ದೊರೆ ಹಂಡೆ ನೋಡಿದ, ಕೊಡ ಹಿಡಿದವರ ಸಾಲು ನೋಡಿದ, ಕೊನೆಗೆ ಗುಂಡೋಪಂತನನ್ನು ನೋಡಿ ಕತ್ತಿಗೆ ಕೈಹಾಕಿದ.

ಅಂದಾನಪ್ಪ ಅಡ್ಡ ಬಂದ. "ಬೈಯಬೇಡಿ ಪ್ರಭು! ಇಷ್ಟು ವರ್ಷದ ಚಾಕರಿಯಲ್ಲಿ ಪಂತರು ಖುದ್ದಾಗಿ ಮಾಡಿದ ಮೊದಲ ಪರೀಕ್ಷೆ ಇದು. ಫಲಿತಾಂಶಕ್ಕೆ ರುಜು ಬೇರೆ ಹಾಕಿದ್ದಾರೆ!"

ದೊರೆ ನಕ್ಕ ನಗೆಗೆ ಹಂಡೆ ಸಾಯಂಕಾಲದವರೆಗೆ ಗುಂಯ್‌ಗುಟ್ಟಿತು. ಸೀಸವನ್ನೆಲ್ಲ ಕೆರೆದು ತೆಗೆಯುವ ಕೆಲಸ ಗುಂಡೋಪಂತನಿಗೂ ಭಾವಮೈದುನನಿಗೂ ಬಿತ್ತು. ಹೊಸ ಕಲಾಯಿಯೂ ಮುದ್ರೆಯೂ ಲಾಲಸಾಬನ ಪಾಲಿಗೆ ಬಂದವು.

"ನಿನಗೇನು ಬೇಕೋ ಕೇಳು ಅಂದಾನಪ್ಪ."

"ನನ್ನ ಎಮ್ಮೆಯನ್ನು ಮುದ್ರೆಯಿಲ್ಲದೆ ಕೆರೆಗೆ ಬಿಡಿ, ಸಾಕು."

"ಯಾಕೆ, ಅದಕ್ಕಿನ್ನೂ ಮುದ್ರೆ ಸಿಕ್ಕಿಲ್ಲವಾ?"

"ಎರಡು ಸಲ ಸಿಕ್ಕಿತು ಪ್ರಭು. ನೀರಿಗಿಳಿದ ಕೂಡಲೇ ತೊಳೆದುಹೋಯಿತು. ಈಗ ಮತ್ತೆ ಸಾಲಿನ ಕೊನೆಯಲ್ಲಿ ನಿಂತಿದೆ."